ಕಲ್ಲಾನೆಯ ವಿಡಿಯೋಗೆ ಹೆಸರಿಡುವ ಬಗ್ಗೆ

ಕುಟುಂಬ ಫೋಟೊ ಮತ್ತು ವಿಡಿಯೋ ಕಚೇರಿ
ಪಡಸಾಲೆ (ಟಿ.ವಿ. ಎದುರಿನ ಭಾಗ), ಶಹಾಪುರ

ಸಂಖ್ಯೆ: ಪಸಾ/ಫೋವಿ/ಹೆಸರು/ತಿದ್ದುಪಡಿ/ಮತ್ತೊಮ್ಮೆ
ದಿನಾಂಕ: ಪುಣ್ಯಸ್ಮರಣೆಯ ಮರುದಿನ, ಮಂಗಳವಾರ, ಚಹಾ ಆದ ನಂತರ

ವಿಷಯ: ಮನೆತನದ ಸಮಸ್ತ ಫೋಟೊ ಹಾಗೂ ವಿಡಿಯೋಗಳನ್ನು ಇಂಟರ್‌ನೆಟ್ಟಿನ ಗಾಳಿ ಸೋಕದಂತೆ ಒಂದೇ ಹಾರ್ಡ್ ಡಿಸ್ಕಿನಲ್ಲಿ ಜೋಡಿಸಿ ಹೆಸರಿಡುವ ಕುರಿತು, ವಿಶೇಷವಾಗಿ, ತೀರಿಕೊಂಡವರ ಹೆಸರನ್ನು ಬದುಕಿರುವವರು ಉಪಯೋಗಿಸುವುದನ್ನು ತಡೆಗಟ್ಟುವ ಕುರಿತು.

ಉಲ್ಲೇಖ:
೧. ಈ ಕಚೇರಿಯ ಹಿಂದಿನ ಸುತ್ತೋಲೆ (ಯಾರೂ ಓದುವ ಮೊದಲೇ ರೊಟ್ಟಿ ಬುಟ್ಟಿಯ ತಳಕ್ಕೆ ಹಾಸಲಾಗಿದೆ).
೨. ನಿನ್ನೆ ಮಧ್ಯಾಹ್ನದ ಸಾಹೇಬರ ಮೌನ.
೩. ಅದೇ ಹೊತ್ತಿನ ಅಂಬಣ್ಣನವರ ನಗು.

ಪ್ರಸ್ತಾವನೆ

ಈ ದಿನ ಬೆಳಿಗ್ಗೆ ಸೊಸೆ ದಾನೇಶ್ವರಿಯು ದೇವರ ಜಗುಲಿಯ ಮುಂದೆ ಕೂತು, ಕಸಬರಿಗೆಯ ಕಡ್ಡಿಯೊಂದಕ್ಕೆ ಹತ್ತಿಯ ಎಳೆ ಸುತ್ತಿ, ಹಾರ್ಡ್ ಡಿಸ್ಕಿಗೆ ವೈರು ಸಿಕ್ಕಿಸುವ ತೂತಿನಿಂದ ವಿಭೂತಿ ತೆಗೆಯುತ್ತಿದ್ದಳು. ಕಡ್ಡಿ ಒಳಗೆ ಹೋಗುವುದು, ತಿರುಗುವುದು, ಬೂದಿ ಹೊತ್ತು ಹೊರಗೆ ಬರುವುದು. ಮನೆಯಲ್ಲಿ ಎಲ್ಲರೂ ಇದ್ದರು. ಅವಳು ಮೊದಲೇ ಮಾತಾಡುವವಳಲ್ಲ. ಪ್ರತಿ ಸೋಮವಾರ ಮುಖ್ಯಸ್ಥರ ಆದೇಶದಂತೆ ಸದರಿ ಡಿಸ್ಕಿಗೆ ಮೂರು ಬೆರಳಿನ ವಿಭೂತಿ ಧಾರಣೆ ಆಗುತ್ತದೆ. ಪ್ರತಿ ಮಂಗಳವಾರ ಅದೇ ವಿಭೂತಿಯನ್ನು ಅವಳು ಹೊರಗೆ ತೆಗೆಯುತ್ತಾಳೆ. ಮೊದಲನೆಯ ಕೆಲಸವನ್ನು ಈ ಕಚೇರಿಯು ‘ಸಂರಕ್ಷಣೆ’ ಎಂದು ದಾಖಲಿಸಿದೆ. ಎರಡನೆಯದಕ್ಕೆ ಕಾಲಂ ಇರುವುದಿಲ್ಲ.

ಮುಖ್ಯಸ್ಥರು ಎಂದರೆ ಸಂಗಣ್ಣನವರು, ದಾನೇಶ್ವರಿಯ ಮಾವ. ಅವರು ಸರ್ಕಾರಿ ಕಚೇರಿಯೊಂದರಿಂದ ನಿವೃತ್ತರಾಗಿದ್ದಾರೆ. ಕಚೇರಿ ಮಾತ್ರ ಅವರಿಂದ ಇನ್ನೂ ನಿವೃತ್ತವಾಗಿರುವುದಿಲ್ಲ. ಮನೆಯಲ್ಲಿ ಉಪ್ಪು ಮುಗಿದರೂ ಟಿಪ್ಪಣಿ ಮೂಲಕವೇ ತಿಳಿಯಬಯಸುವ ಇವರಿಗೆ, ಬಂಧುಗಳೆಲ್ಲರ ಫೋನುಗಳಲ್ಲಿ ಚೆದುರಿದ್ದ ಮನೆತನದ ಫೋಟೊಗಳನ್ನು ಒಂದೆಡೆ ಕೂಡಿಹಾಕಬೇಕೆಂಬ ಯೋಚನೆ ಬಂದಿತು. ಇಂಟರ್‌ನೆಟ್ಟಿಗೆ ಹಾಕಿದರೆ ಪತ್ನಿ ದೇವಕ್ಕನವರ ಕೊರಳ ಸರಕ್ಕೆ ದೃಷ್ಟಿಯಾಗುವ ಸಂಭವವಿದ್ದುದರಿಂದ ಹಾರ್ಡ್ ಡಿಸ್ಕ್ ಖರೀದಿಸಲಾಯಿತು. ಮಗ ವಿಶ್ವರಾಧ್ಯನ ಬೀಜ-ಗೊಬ್ಬರದ ಅಂಗಡಿಯ ಲ್ಯಾಪ್‌ಟಾಪನ್ನು ರಾತ್ರಿ ಮನೆಗೆ ತರುವುದೆಂದು ನಿರ್ಣಯವಾಯಿತು. ಒಂದೊಂದೇ ಫೋಟೊ ತೆರೆದು ಹೆಸರು ಬರೆಯುವ ಕೆಲಸವನ್ನು, ಅಡಿಗೆ, ಮುಸುರೆ, ಬಟ್ಟೆ ಮತ್ತು ದನದ ಕೆಲಸ ಮುಗಿದ ಮೇಲೆ ಕೈ ಖಾಲಿ ಇರುತ್ತದೆಂಬ ಕಾರಣಕ್ಕೆ, ವಿಶ್ವರಾಧ್ಯನ ಹೆಂಡತಿ ದಾನೇಶ್ವರಿಗೆ ವಹಿಸಲಾಯಿತು. ಒಂಬತ್ತನೆಯ ಇಯತ್ತೆಯಲ್ಲಿ ತಾಯಿ ಹಾಸಿಗೆ ಹಿಡಿದದ್ದರಿಂದ ಶಾಲೆ ಬಿಟ್ಟವಳಾದರೂ ಅಕ್ಷರ ದುಂಡಗಿದೆ ಎಂದು ಮುಖ್ಯಸ್ಥರು ಒಪ್ಪಿರುತ್ತಾರೆ. ಲ್ಯಾಪ್‌ಟಾಪಿನಲ್ಲಿ ಎಲ್ಲರ ಅಕ್ಷರವೂ ಒಂದೇ ಎಂಬುದನ್ನು ಅವರ ಗಮನಕ್ಕೆ ಯಾರೂ ತಂದಿರುವುದಿಲ್ಲ.

ದಾನೇಶ್ವರಿ ಎಂಬುದು ಅವಳ ಹುಟ್ಟು ಹೆಸರಲ್ಲ. ಶಿರವಾಳದ ತವರಿನಲ್ಲಿ ಅವಳು ಗುರುಲಿಂಗಮ್ಮ. ಆದರೆ ಮುಖ್ಯಸ್ಥರ ದಿವಂಗತ ತಾಯಿಯವರ ಹೆಸರೂ ಗುರುಲಿಂಗಮ್ಮ ಎಂದೇ ಇದ್ದು, ಆ ಹೆಸರು ಹಿಡಿದು ಸೊಸೆಯನ್ನು ಬಯ್ದರೆ ಗೋಡೆಯ ಮೇಲಿನ ಹಿರಿಯರನ್ನೇ ಬಯ್ದಂತಾಗುತ್ತದೆ. ಬಯ್ಯದೇ ಇರುವ ಸಾಧ್ಯತೆಯನ್ನು ಆಗ ಪರಿಶೀಲಿಸಿರಲಿಲ್ಲ. ಆದ್ದರಿಂದ ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಮದುಮಗನ ಕೈಯಿಂದ ಉಂಗುರದಲ್ಲಿ ‘ದಾನೇಶ್ವರಿ’ ಎಂದು ಬರೆಸಿ, ರೂಢಿಯಂತೆ ಹೆಸರು ಬದಲಿಸಲಾಯಿತು. ಸದರಿ ಅಕ್ಕಿ ಅದೇ ಸಂಜೆ ಅನ್ನವಾಗಿ ಖರ್ಚಾಗಿರುವುದರಿಂದ ಬೇರೆ ದಾಖಲೆ ಲಭ್ಯವಿಲ್ಲ.

ಅವಳು ತವರಿನಿಂದ ತಂದದ್ದು ಒಂದೇ ವಿಡಿಯೋ. ತಂದೆಯ ಹಳೆಯ ಫೋನಿನ ಮೆಮೊರಿ ಕಾರ್ಡಿನಲ್ಲಿತ್ತು. ಯಾದಗಿರಿಯ ಬಸ್‌ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವ ಹಾಶಿಮ ಎಂಬುವರು ಅದನ್ನು ಹೇಗೋ ಡಿಸ್ಕಿಗೆ ಇಳಿಸಿಕೊಟ್ಟರು; ಇಳಿಸಿದ ಕೂಡಲೇ ಕಾರ್ಡು ಸತ್ತಿತು. ವಿಡಿಯೋದಲ್ಲಿ ಶಿರವಾಳದ ಹಳೆಯ ಗುಡಿಯೊಂದರ ಮುಂದಿನ ಕಲ್ಲಾನೆ ಇದೆ. ಆನೆಯ ಮೇಲೆ ಲಂಗ ಉಟ್ಟ ಹುಡುಗಿ ಕೂತಿದ್ದಾಳೆ. ತಾಯಿ ಎಲ್ಲೂ ಕಾಣುವುದಿಲ್ಲ. ಫೋನಿನ ಹಿಂದೆಲ್ಲೋ ನಿಂತು ಕೂಗುತ್ತಾಳೆ. ಆ ತಾಯಿ ಮಗಳ ಮದುವೆ ನೋಡಲಿಲ್ಲ. ಅವಳ ಧ್ವನಿ ಇರುವುದು ಈ ಲೋಕದಲ್ಲಿ ಇದೊಂದೇ ಕಡೆ. ದಾನೇಶ್ವರಿ ಲ್ಯಾಪ್‌ಟಾಪಿನ ಸದ್ದು ತಗ್ಗಿಸಿ, ಕಿವಿಯನ್ನು ಅದಕ್ಕೆ ಹಚ್ಚಿ ಕೇಳಿದ್ದು ಈ ಕಚೇರಿಯ ಗಮನಕ್ಕೆ ಬಂದಿರುತ್ತದೆ. ಕೇಳಿದ ಮೇಲೆ ಅವಳು ವಿಡಿಯೋಗೆ ‘ಗುರುಲಿಂಗಮ್ಮ, ಶಿರವಾಳ’ ಎಂದು ಹೆಸರು ಬರೆದಳು. ಅದರಲ್ಲಿ ಯಾರಿದ್ದರೋ ಅವರದೇ ಹೆಸರು ಎಂಬುದಷ್ಟೇ ಅವಳ ತಿಳುವಳಿಕೆ.

ನಿನ್ನೆ ದಿವಂಗತ ಗುರುಲಿಂಗಮ್ಮನವರ ಪುಣ್ಯಸ್ಮರಣೆ. ಮುಖ್ಯಸ್ಥರ ಹಿಂದಿನ ಮೇಲಧಿಕಾರಿಗಳಾದ ಸಾಹೇಬರು ದಯಮಾಡಿಸಿದ್ದರು. ಅವರಿಗಾಗಿ ಪಡಸಾಲೆಯಲ್ಲಿ ಹಲಗೆಯ ಮಂಚ ಹಾಕಿ, ಅದರ ಮೇಲೆ ಗಾದಿ, ಅದರ ಮೇಲೆ ಕುರ್ಚಿ ಇಡಲಾಗಿತ್ತು. ಊಟಕ್ಕೆ ಮುಂಚೆ ತಾಯಿಯವರ ವಿಡಿಯೋ ತೋರಿಸುವುದಾಗಿ ಮುಖ್ಯಸ್ಥರು ಘೋಷಿಸಿ, ಎಲ್ಲರೂ ಎದ್ದು ಕೈಮುಗಿಯಲು ಕೋರಿದರು. ಬಂಧುಗಳು ಎದ್ದರು. ಸಾಹೇಬರು ಕುರ್ಚಿಯಲ್ಲಿಯೇ ಕೂತು ಕೈಮುಗಿದರು. ವಿಶ್ವರಾಧ್ಯನು ‘ಗುರುಲಿಂಗಮ್ಮ’ ಎಂದಿದ್ದುದನ್ನು ಒತ್ತಿದನು. ಟಿ.ವಿ.ಯಲ್ಲಿ ಕಲ್ಲಾನೆ ಬಂತು. ಪಡಸಾಲೆ ತುಂಬುವಂತೆ ಧ್ವನಿಯೊಂದು ಕೇಳಿತು:

“ಏ ಗುರುಲಿಂಗವ್ವ, ಇಳಿ ಕೆಳಗ. ದೊಡ್ಡ ಸಾಹೇಬ ಕುಂತಂಗ ಕುಂತಾಳ ನೋಡ್ರಿ ಮ್ಯಾಲೆ. ರೊಟ್ಟಿ ಆರಾಕತ್ಯಾವ, ಇಳಿತೀಯೋ ಬಡಿಗಿ ತರ್ಲೋ?”

ಸಾಹೇಬರು ಇಳಿದರು. ಯಾರೂ ಹೇಳದೆ, ಯಾರ ಮುಖವನ್ನೂ ನೋಡದೆ, ಕುರ್ಚಿಯಿಂದ ಗಾದಿಗೆ, ಗಾದಿಯಿಂದ ನೆಲಕ್ಕೆ ಇಳಿದು ಕಾಲಿನಿಂದ ಚಪ್ಪಲಿ ಹುಡುಕಿದರು. ಅವರ ಕಾಲು ಚಪ್ಪಲಿಗಾಗಿ ತಡಕಾಡಿದ್ದನ್ನು ಅಡಿಗೆಮನೆಯ ಬಾಗಿಲಿನಿಂದ ದಾನೇಶ್ವರಿ ನೋಡಿದಳು. ದೇವಕ್ಕನವರ ತಮ್ಮ, ಸುರಪುರದ ಅಂಬಣ್ಣನವರು ಮೊದಲು ಕೆಮ್ಮಿ, ಆಮೇಲೆ ಕೆಮ್ಮುವುದನ್ನು ಬಿಟ್ಟು ನೇರವಾಗಿ ನಕ್ಕರು.

“ಮಾವಾ, ನಿಮ್ಮವ್ವ ಸತ್ತ ಮ್ಯಾಲೂ ಸಾಹೇಬ್ರನ್ನ ಬಿಡಂಗಿಲ್ಲ ಬಿಡ್ರಿ,” ಎಂದು ಅವರು ಮುಖ್ಯಸ್ಥರಿಗೆ ಹೇಳಿದ ಮಾತು ಎಲ್ಲರಿಗೂ ಕೇಳಿಸಿದ್ದು, ಕೆಲವರು ತಿರುಗಿ ಗೋಡೆಯ ಕಡೆ ಮುಖ ಮಾಡಿ ಭುಜ ಕುಣಿಸಿರುವುದು ಗಂಭೀರ ವಿಷಯವಾಗಿರುತ್ತದೆ.

ಈ ಹಿನ್ನೆಲೆಯಲ್ಲಿ ಕೆಳಕಂಡ ನಿಯಮಗಳು ಇಂದಿನಿಂದಲೇ, ಅಗತ್ಯಬಿದ್ದರೆ ನಿನ್ನೆಯಿಂದಲೇ, ಜಾರಿಗೆ ಬರತಕ್ಕದ್ದು.

೧. ಪ್ರತಿ ಫೋಟೊದ ಹೆಸರಿನಲ್ಲಿ ಮೊದಲು ಇಸವಿ, ನಂತರ ಕಾರ್ಯಕ್ರಮ, ನಂತರ ಫೋಟೊದಲ್ಲಿರುವ ಹಿರಿಯ ಗಂಡಸು, ನಂತರ ಉಳಿದ ಗಂಡಸರು, ನಂತರ ಟ್ರ್ಯಾಕ್ಟರ್, ನಂತರ ಹೆಣ್ಣುಮಕ್ಕಳು ಅವರವರ ಗಂಡಂದಿರ ಹಿರಿತನದಂತೆ ಬರತಕ್ಕದ್ದು. ಟ್ರ್ಯಾಕ್ಟರನ್ನು ಮುಂದೆ ಹಾಕಿರುವುದಕ್ಕೆ ಆಕ್ಷೇಪ ಬಂದಿದ್ದು, ಅದಕ್ಕೆ ನೋಂದಣಿ ಸಂಖ್ಯೆ ಇದೆ, ಹೆಸರು ಬದಲಾಗುವುದಿಲ್ಲ ಎಂದು ಸಮಜಾಯಿಷಿ ನೀಡಲಾಗಿದೆ.

೨. ಹಿರಿಯರು ಪೂರ್ತಿ ಕಾಣದೆ ಅವರ ಮೊಣಕೈ, ಧೋತರದ ಅಂಚು ಅಥವಾ ನೆರಳು ಮಾತ್ರ ಕಂಡಲ್ಲಿಯೂ ಫೋಟೊ ಅವರ ಹೆಸರಿನಲ್ಲಿಯೇ ಇರತಕ್ಕದ್ದು. ನಡುವೆ ನಿಂತು ನಗುತ್ತಿರುವ ಮದುಮಕ್ಕಳನ್ನು ‘ಮತ್ತು ಇತರರು’ ಎಂದು ನಮೂದಿಸುವುದು.

೩. ಮಾಳಿಗೆಯ ಮೇಲೆ ತೆಗೆದ ಎಲ್ಲ ಫೋಟೊಗಳಲ್ಲಿಯೂ ಊರ ಗುಡ್ಡ ಹಿಂದೆ ಮಲಗಿರುವುದು ಕಂಡುಬಂದಿದೆ. ಗುಡ್ಡವು ಮುಖ್ಯಸ್ಥರಿಗಿಂತ ವಯಸ್ಸಿನಲ್ಲಿ ಹಿರಿದಾಗಿರುವುದರಿಂದ ಹೆಸರಿನಲ್ಲಿ ಅದೇ ಮೊದಲು ಬರಬೇಕಾಗುತ್ತದೆಯೇ ಎಂಬ ಪ್ರಶ್ನೆಯನ್ನು ಸಾಹೇಬರ ಅಭಿಪ್ರಾಯಕ್ಕೆ ಕಳಿಸಲಾಗಿದೆ. ಉತ್ತರ ಬರುವವರೆಗೆ ಯಾರೂ ಮಾಳಿಗೆ ಹತ್ತಿ ಫೋಟೊ ತೆಗೆಯತಕ್ಕದ್ದಲ್ಲ.

೪. ಕೆಲವು ಫೋನುಗಳಲ್ಲಿ ದಿನಾಂಕ ತಪ್ಪಾಗಿದ್ದ ಕಾರಣ, ವಿಶ್ವರಾಧ್ಯನ ತೊಟ್ಟಿಲ ಕಾರ್ಯವು ಅವನ ಮದುವೆಯ ನಂತರ ನಡೆದಂತೆ ಡಿಸ್ಕಿನಲ್ಲಿ ಬಂದಿದೆ. ಡಿಸ್ಕಿನಲ್ಲಿರುವ ದಿನಾಂಕವೇ ಅಂತಿಮ. ಸಂಬಂಧಪಟ್ಟವರು ಅದಕ್ಕೆ ಅನುಗುಣವಾಗಿ ತಮ್ಮ ನೆನಪುಗಳನ್ನು ತಿದ್ದಿಕೊಳ್ಳತಕ್ಕದ್ದು.

೫. ದೇವಕ್ಕನವರು ಫೋಟೊದ ಬೆಳಕು ಬಿದ್ದೊಡನೆ ಕಣ್ಣು ಮುಚ್ಚುವ ಅಭ್ಯಾಸ ಹೊಂದಿರುತ್ತಾರೆ. ಅವರ ಕಣ್ಣು ಮುಚ್ಚಿರುವ ಎಲ್ಲ ಫೋಟೊಗಳನ್ನು ‘ಪೂಜೆ’ ವಿಭಾಗಕ್ಕೆ ಹಾಕುವುದು. ಬಸ್ಸಿನಲ್ಲಿ, ಹತ್ತಿಕುಣಿ ಕೆರೆಯ ದಂಡೆಯಲ್ಲಿ, ಐಸ್‌ಕ್ರೀಂ ತಿನ್ನುವಾಗ ತೆಗೆದವುಗಳಿಗೂ ಇದು ಅನ್ವಯ.

೬. ಫೋಟೊದಲ್ಲಿ ಕಾಣದವರನ್ನು ಆ ಕಾರ್ಯಕ್ರಮಕ್ಕೆ ಗೈರುಹಾಜರೆಂದು ಪರಿಗಣಿಸಲಾಗುವುದು. ಈ ನಿಯಮದಂತೆ ದಾನೇಶ್ವರಿಯು ಮನೆಯ ಸೀಮಂತ, ಜವಳ, ಹೊಸ ಟ್ರ್ಯಾಕ್ಟರಿನ ಪೂಜೆ ಎಲ್ಲಕ್ಕೂ ಗೈರುಹಾಜರಾಗಿದ್ದು ಸಾಬೀತಾಗಿದೆ. ಆ ಎಲ್ಲ ಸಂದರ್ಭಗಳಲ್ಲಿ ಗಂಡನ ಫೋನು ಹಿಡಿದು ಫೋಟೊ ತೆಗೆದದ್ದು ತಾನೇ ಎಂಬ ಅವಳ ಸಮಜಾಯಿಷಿಯನ್ನು, ಅದಕ್ಕೆ ಫೋಟೊ ಪುರಾವೆ ಇಲ್ಲದ ಕಾರಣ, ತಿರಸ್ಕರಿಸಲಾಗಿದೆ.

೭. ಸಾಹೇಬರು ಪ್ರತಿದಿನ ಬೆಳಿಗ್ಗೆ ಕಳಿಸುವ ಗುಲಾಬಿ ಹೂವು, ಚಹಾದ ಕಪ್ಪು ಹಾಗೂ ಉದಯಿಸುವ ಸೂರ್ಯನುಳ್ಳ ‘ಶುಭೋದಯ’ ಚಿತ್ರಗಳು ಡಿಸ್ಕಿನ ಬಹುಭಾಗವನ್ನು ವ್ಯಾಪಿಸಿವೆ. ಇವು ಮೇಲಧಿಕಾರಿಗಳಿಂದ ಬಂದ ಪತ್ರವ್ಯವಹಾರವಾಗಿರುವುದರಿಂದ ಅಳಿಸಲು ಅವಕಾಶವಿಲ್ಲ. ಒಂದೇ ಗುಲಾಬಿ ಪುನಃ ಪುನಃ ಬಂದಿದ್ದಲ್ಲಿ ಅದನ್ನು ಜ್ಞಾಪನ ಪತ್ರವೆಂದು ತಿಳಿದು ಮೂಲದೊಂದಿಗೆ ಲಗತ್ತಿಸುವುದು. ಸ್ಥಳ ಸಾಲದೇ ಬಂದಲ್ಲಿ ಮನೆಯವರ ಫೋಟೊಗಳನ್ನು ಕಡಿಮೆ ಮಾಡುವುದು.

೮. ಸುರಪುರದ ಅಂಬಣ್ಣನವರು ಇರುವ ಎಲ್ಲ ಫೋಟೊಗಳನ್ನು ನಿನ್ನೆ ಮಧ್ಯಾಹ್ನದಿಂದ ಪೂರ್ವಾನ್ವಯವಾಗುವಂತೆ ‘ಅಮಾನತು’ ವಿಭಾಗಕ್ಕೆ ವರ್ಗಾಯಿಸಲಾಗಿದೆ. ಅವರು ಮುಖ್ಯಸ್ಥರ ಮದುವೆಯ ಫೋಟೊದಲ್ಲಿಯೂ ಇರುವುದರಿಂದ ಸದರಿ ಮದುವೆಯೂ ಸದ್ಯಕ್ಕೆ ಅಮಾನತಿನಲ್ಲಿದೆ. ಈ ಅವಧಿಯಲ್ಲಿ ದೇವಕ್ಕನವರು ಎಂದಿನಂತೆ ಅಡಿಗೆ ಮಾಡತಕ್ಕದ್ದು.

೯. ಒಬ್ಬರಿಗೆ ಒಂದೇ ಹೆಸರು. ಒಂದು ಹೆಸರಿಗೆ ಒಬ್ಬರೇ. ಮದುವೆಗೆ ಮುಂಚೆ ಬೇರೆ ಹೆಸರಿದ್ದ ಹೆಣ್ಣುಮಕ್ಕಳು ಅದನ್ನು ಈ ಕಚೇರಿಗೆ ತಿಳಿಸಿ ರದ್ದುಪಡಿಸಿಕೊಳ್ಳತಕ್ಕದ್ದು. ಈ ಬಗ್ಗೆ ಮೊದಲಿಗೆ ದೇವಕ್ಕನವರನ್ನೇ ವಿಚಾರಿಸಲಾಗಿ, “ನೆನಪಿಲ್ರಿ,” ಎಂದು ಹೇಳಿಕೆ ನೀಡಿರುತ್ತಾರೆ. ಆದರೆ ನಿನ್ನೆ ಅಂಬಣ್ಣನವರು ಹೊಸ್ತಿಲಲ್ಲಿ ನಿಂತು, ಹೊರಟೆನೆಂದು ಹೇಳಲು “ನಿಂಬೆಕ್ಕಾ” ಎಂದು ಕರೆದಾಗ, ಹಿಟ್ಟಿನ ಕೈಯಲ್ಲಿಯೇ ದೇವಕ್ಕನವರು ಕೂಡಲೇ ತಿರುಗಿದ್ದು ಕಂಡುಬಂದಿದೆ. ಇದನ್ನು ಕಂಡವಳು ದಾನೇಶ್ವರಿ ಒಬ್ಬಳೇ ಆಗಿದ್ದು, ಅವಳು ಯಾರಿಗೂ ವರದಿ ಮಾಡಿರುವುದಿಲ್ಲ. ಅತ್ತೆಯ ಆ ಹೆಸರನ್ನು ಅವಳು ಮೊದಲ ಬಾರಿ ಕೇಳಿದ್ದಳು. ವರದಿಯಾಗದ ಸಂಗತಿ ಈ ಸುತ್ತೋಲೆಯೊಳಗೆ ಹೇಗೆ ಬಂದಿತೆಂಬ ಬಗ್ಗೆ ವಿಚಾರಣೆ ಅಗತ್ಯವಿಲ್ಲ.

೧೦. ಇನ್ನು ಕಲ್ಲಾನೆಯ ವಿಡಿಯೋ. ಈ ಬಗ್ಗೆ ನಿನ್ನೆ ಸಾಹೇಬರು ಊಟ ಮಾಡದೆ ಯಾದಗಿರಿಗೆ ಹೊರಟುಹೋದ ನಂತರ ಪಡಸಾಲೆಯಲ್ಲಿ ಸಭೆ ಸೇರಿ, ಕೆಳಗಿನಂತೆ ಚರ್ಚಿಸಲಾಯಿತು.

(ಅ) ‘ಗುರುಲಿಂಗಮ್ಮ’ ಎಂಬ ಹೆಸರು ದಿವಂಗತರಿಗೆ ಕಾಯಂ ಆಗಿ ಮಂಜೂರಾಗಿರುವುದರಿಂದ ಆನೆಯ ಮೇಲಿನ ಹುಡುಗಿಗೆ ಕೊಡಲು ಬರುವುದಿಲ್ಲ.

(ಆ) ‘ದಾನೇಶ್ವರಿ’ ಎಂದು ಬರೆಯೋಣವೆಂದರೆ, ವಿಡಿಯೋ ತೆಗೆದ ಕಾಲಕ್ಕೆ ದಾನೇಶ್ವರಿ ಎಂಬುವಳು ಇನ್ನೂ ಅಸ್ತಿತ್ವಕ್ಕೆ ಬಂದಿರಲಿಲ್ಲ. ಇಲ್ಲದವಳು ಆನೆ ಹತ್ತಲು ಸಾಧ್ಯವಿಲ್ಲ.

(ಇ) ಹೆಸರು ಏನೇ ಬರೆದರೂ ಒಳಗಿನ ಧ್ವನಿ ಮಾತ್ರ ‘ಗುರುಲಿಂಗವ್ವ’ ಎಂದೇ ಕೂಗುತ್ತದೆ. ಬರವಣಿಗೆಗೂ ಧ್ವನಿಗೂ ತಾಳೆಯಾಗದ ದಾಖಲೆಯನ್ನು ಮುಖ್ಯಸ್ಥರು ತಮ್ಮ ಸೇವಾವಧಿಯಲ್ಲಿ ಎಂದೂ ಮುಂದಿನ ಮೇಜಿಗೆ ಕಳಿಸಿರುವುದಿಲ್ಲ.

(ಈ) ಆ ಧ್ವನಿಯ ಒಡತಿ ವಿಡಿಯೋದಲ್ಲಿ ಕಾಣುವುದಿಲ್ಲ. ನಿಯಮ ೬ರಂತೆ ಅವಳು ಅಲ್ಲಿ ಇರಲೇ ಇಲ್ಲ. ಇಲ್ಲದವಳ ಧ್ವನಿಗೆ ಡಿಸ್ಕಿನಲ್ಲಿ ಜಾಗ ಕೊಡುವ ಪ್ರಶ್ನೆ ಉದ್ಭವಿಸುವುದಿಲ್ಲ.

ಆದಕಾರಣ, ವಿಡಿಯೋವನ್ನು ಅಳಿಸದೆ, ಅದರೊಳಗಿನ ಧ್ವನಿಯನ್ನು ಮಾತ್ರ ತೆಗೆದುಹಾಕಿ, ‘ಆನೆ, ಕಲ್ಲಿನದು’ ಎಂಬ ಹೆಸರಿನಲ್ಲಿ ‘ಇತರೆ’ ವಿಭಾಗದಲ್ಲಿಡಲು ಉದಾರವಾಗಿ ತೀರ್ಮಾನಿಸಲಾಗಿದೆ. ಈ ಕೆಲಸಕ್ಕೆ ಬರುವ ಸೋಮವಾರ, ವಿಭೂತಿ ಧಾರಣೆಯ ನಂತರ, ವಿಶ್ವರಾಧ್ಯನು ಡಿಸ್ಕನ್ನು ಯಾದಗಿರಿಯ ಹಾಶಿಮನವರಲ್ಲಿಗೆ ಒಯ್ಯತಕ್ಕದ್ದು.

೧೧. ಹಾಶಿಮನವರಿಗೆ ಫೋನಿನಲ್ಲಿ ಮುಂಚಿತವಾಗಿ ವಿಷಯ ತಿಳಿಸಲಾಯಿತು. ವಿಶ್ವರಾಧ್ಯನು ಫೋನಿನ ಸದ್ದು ಜೋರು ಇಟ್ಟಿದ್ದರಿಂದ ಅವರ ಉತ್ತರ ಅಡಿಗೆಮನೆಯವರೆಗೂ ಕೇಳಿತು:

“ಅಣ್ಣಾರ, ಆವಾಜ್ ತೆಗದ್ರ ಅದರಾಗ ಉಳಿಯೋದು ಆನಿ ಅಷ್ಟ ನೋಡ್ರಿ. ಹುಡುಗಿ ಮಾರಿನೂ ಸರಿ ಕಾಣಂಗಿಲ್ಲ. ಅಕ್ಕಾರನ್ನ ಒಂದ್ ಮಾತು ಕೇಳೀರೇನು?”

ವಿಶ್ವರಾಧ್ಯನು ಅಡಿಗೆಮನೆಯ ಕಡೆ ನೋಡಿ, ನಂತರ ತಂದೆಯ ಕಡೆ ನೋಡಿ, ಸಿಗ್ನಲ್ ಸರಿಯಿಲ್ಲವೆಂದು ಫೋನು ಇಟ್ಟಿರುತ್ತಾನೆ. ಸಿಗ್ನಲ್ ಸರಿಯಾಗಿಯೇ ಇತ್ತು. ಕೆಲಸ ಮಾಡುವವರು ಅಭಿಪ್ರಾಯ ನೀಡುವುದು ಸೇವಾ ನಿಯಮಗಳಿಗೆ ವಿರುದ್ಧವೆಂದು ಹಾಶಿಮನವರಿಗೆ ಪ್ರತ್ಯೇಕವಾಗಿ ತಿಳಿಸಲಾಗುವುದು.

೧೨. ಡಿಸ್ಕಿನಿಂದ ಯಾರೂ ಯಾವುದನ್ನೂ ಬೇರೆಡೆ ನಕಲು ಮಾಡಿಕೊಳ್ಳತಕ್ಕದ್ದಲ್ಲ. ಒಂದನ್ನು ಮೂರು ಕಡೆ ಇಟ್ಟರೆ ಒಂದು ಹಾಳಾದರೂ ಎರಡು ಉಳಿಯುತ್ತವೆಂದು ಹಾಶಿಮನವರು ಈ ಹಿಂದೆ ಸಲಹೆ ನೀಡಿದ್ದು, ಮೂರು ಕಡೆ ಇಟ್ಟರೆ ಮೂರು ಕಡೆ ಸಂಗಣ್ಣನವರು ಬೇಕಾಗುತ್ತಾರೆಂಬ ಕಾರಣಕ್ಕೆ ಅದನ್ನು ಕೈಬಿಡಲಾಗಿದೆ. ದಾನೇಶ್ವರಿಗೆ ಸಂಬಂಧಿಸಿದಂತೆ ಈ ನಿಯಮ ಅನಗತ್ಯ. ಅವಳ ಕೈಗೆ ಕೊಟ್ಟಿರುವುದು ಗುಂಡಿ ಒತ್ತುವ ಫೋನು. ಅದರಲ್ಲಿ ಹಿಡಿಯುವುದು ಕರೆ ಮಾತ್ರ. ಅಂಗಡಿಯ ಲ್ಯಾಪ್‌ಟಾಪು ನಿನ್ನೆ ಸಂಜೆಯೇ ಅಂಗಡಿಗೆ ಮರಳಿದೆ. ಡಿಸ್ಕಿನ ವೈರನ್ನು ಮುಖ್ಯಸ್ಥರು ತಮ್ಮ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಆದಾಗ್ಯೂ ಅವಳು ಇಂದು ಬೆಳಿಗ್ಗೆ ವೈರಿಲ್ಲದ ಡಿಸ್ಕಿನ ತೂತನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಸ್ವಚ್ಛಗೊಳಿಸಿದ್ದಾಳೆ. ವಿಭೂತಿ ಪೂರ್ತಿ ಹೋದ ಮೇಲೂ ಕಡ್ಡಿ ತಿರುಗುತ್ತಿತ್ತು. ಇದರ ಉದ್ದೇಶ ಕಚೇರಿಗೆ ತಿಳಿದುಬಂದಿಲ್ಲ. ತಿಳಿದುಕೊಳ್ಳುವ ಪ್ರಸ್ತಾಪವೂ ಇಲ್ಲ.

ಮೇಲ್ಕಂಡ ನಿಯಮಗಳನ್ನು ಮನೆಯವರೆಲ್ಲರೂ ಪಾಲಿಸತಕ್ಕದ್ದು. ತಪ್ಪಿದಲ್ಲಿ ಅಂಥವರನ್ನು ಮುಂದಿನ ಗುಂಪು ಫೋಟೊದಲ್ಲಿ ಕಂಬದ ಹಿಂದೆ ನಿಲ್ಲಿಸಲಾಗುವುದು.

(ಸಹಿ ಇದೆ, ಓದಲು ಬರುವುದಿಲ್ಲ)
ಸಂಗಣ್ಣ
ಮುಖ್ಯಸ್ಥರು, ಮೇಲ್ವಿಚಾರಕರು, ಹಾಗೂ ಮೇಲ್ಮನವಿ ಪ್ರಾಧಿಕಾರ
ಕುಟುಂಬ ಫೋಟೊ ಮತ್ತು ವಿಡಿಯೋ ಕಚೇರಿ, ಶಹಾಪುರ

ಪ್ರತಿಗಳು:

೧. ಮಾನ್ಯ ಸಾಹೇಬರಿಗೆ, ಯಾದಗಿರಿ. ಕ್ಷಮಾಪಣೆಯೊಂದಿಗೆ, ಅವರೇ ಕಳಿಸಿದ ಗುಲಾಬಿಯನ್ನು ಲಗತ್ತಿಸಿ.

೨. ಹಾಶಿಮನವರಿಗೆ, ಯಾದಗಿರಿ. ಧ್ವನಿ ತೆಗೆಯಲು.

೩. ಅಂಬಣ್ಣನವರಿಗೆ, ಸುರಪುರ. ಅಮಾನತಿನಲ್ಲಿರುವುದರಿಂದ ಪ್ರತಿ ಕಳಿಸಿರುವುದಿಲ್ಲ. ಕಳಿಸಿಲ್ಲವೆಂಬುದನ್ನು ತಿಳಿಸಲು ಈ ಪ್ರತಿ.

೪. ಶ್ರೀ ವಿಶ್ವರಾಧ್ಯನಿಗೆ, ಮುಂದಿನ ಕ್ರಮಕ್ಕಾಗಿ. ಕ್ರಮ ಕೈಗೊಳ್ಳುವವರೆಗೆ ಅಡಿಗೆಮನೆಯ ಕಡೆ ನೋಡದಿರುವುದು.

೫. ದೇವಕ್ಕನವರಿಗೆ, ರೊಟ್ಟಿ ಬುಟ್ಟಿಯ ತಳಕ್ಕೆ ಹಾಸಬಾರದೆಂಬ ಷರತ್ತಿನ ಮೇಲೆ.

೬. ಊರ ಗುಡ್ಡಕ್ಕೆ, ವಯಸ್ಸಿನ ದಾಖಲೆ ಹಾಜರುಪಡಿಸಲು.

೭. ಕಲ್ಲಾನೆಗೆ, ಶಿರವಾಳ. ಹೊಸ ಹೆಸರಿನ ಮಾಹಿತಿಗಾಗಿ.

೮. ದಾನೇಶ್ವರಿಗೆ ಪ್ರತ್ಯೇಕ ಪ್ರತಿ ಇರುವುದಿಲ್ಲ. ಓದುವಾಗ ಬಾಗಿಲಲ್ಲಿ ನಿಂತಿದ್ದಳು.

ಷರಾ: ಸುತ್ತೋಲೆಯನ್ನು ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿ ಮುಗಿಸಿದ ಮೇಲೆ, ಮುಖ್ಯಸ್ಥರು ಕನ್ನಡಕ ತೆಗೆದು ಒರೆಸುತ್ತಿದ್ದರು. ವಿಶ್ವರಾಧ್ಯನು ತನ್ನ ಫೋನಿನಲ್ಲಿ ಟ್ರ್ಯಾಕ್ಟರಿನ ವಿಡಿಯೋ ನೋಡುತ್ತಿದ್ದನು. ದೇವಕ್ಕನವರು ಕಣ್ಣು ಮುಚ್ಚಿ ಕೂತಿದ್ದರು. ಯಾರೂ ಫೋಟೊ ತೆಗೆಯುತ್ತಿರಲಿಲ್ಲ. ಆಗ ಮದುವೆಯಾಗಿ ಬಂದಾಗಿನಿಂದ ಈ ಪಡಸಾಲೆಯಲ್ಲಿ ತಾನಾಗಿ ಮಾತೆತ್ತದ ದಾನೇಶ್ವರಿಯು ಬಾಗಿಲ ಚೌಕಟ್ಟು ಹಿಡಿದುಕೊಂಡು ಒಂದು ಮಾತು ಹೇಳಿದಳು. ಅದಕ್ಕೆ ಈ ಹೊತ್ತಿನವರೆಗೂ ಯಾರಿಂದಲೂ ಉತ್ತರ ಬಾರದ ಕಾರಣ, ಅದನ್ನು ಬಾಕಿ ವಿಷಯವೆಂದು ಇಲ್ಲಿ ಇದ್ದಂತೆಯೇ ನಮೂದಿಸಲಾಗಿದೆ:

“ಮಾವಾರ, ಹೆಸರು ಏನರ ಇಡ್ರಿ. ನಮ್ಮವ್ವನ ಧ್ವನಿ ಅಷ್ಟ ಇರ್ಲಿ ಬಿಡ್ರಿ.”